ಹತ್ತು ಡಾಲರ್ ನೋಟಿನ ಹಿಂದೊಂದು ಊರು

ಆಫೀಸ್ ಕೆಲಸದ ಮೇಲೆ ಕೆಲವು ತಿಂಗಳು ಕೆನಡಾದ ಸಾರ್ನಿಯಾದಲ್ಲಿದ್ದೆ. ಸುಮಾರು 72 ಸಾವಿರ ಜನರ ಊರು. ಹೊಳೆಯ ಆಚೆ ದಡವೇ ಅಮೆರಿಕ.

ಅಲ್ಲೊಂದು ಕಟಿಂಗ್ ಶಾಪ್. ಗೋಡೆಯ ಮೇಲೆ ಹಳೇ ಹತ್ತು ಡಾಲರ್ ನೋಟಿಗೆ ಫ್ರೇಮು ಹಾಕಿಸಿಟ್ಟಿದ್ದರು, ಅದೂ ಹಿಂಬದಿ ಕಾಣುವ ಹಾಗೆ! ನೋಡಿದರೆ ಬೆಟ್ಟ ಇಲ್ಲ, ಸರೋವರ ಇಲ್ಲ... ಬರೀ ಪೈಪು, ಟ್ಯಾಂಕು, ಗೋಪುರ. "ಇದು ನಮ್ಮೂರು" ಅಂದರು ಅಂಗಡಿಯ ಅಜ್ಜ.

ರೂಮಿಗೆ ಬಂದವನೇ ಓದಲು ಕೂತೆ. 1858ರಲ್ಲಿ ಜೇಮ್ಸ್ ಮಿಲ್ಲರ್ ವಿಲಿಯಮ್ಸ್ ಎಂಬಾತ ಹತ್ತಿರದ ಆಯಿಲ್ ಸ್ಪ್ರಿಂಗ್ಸ್‌ನಲ್ಲಿ ಎಣ್ಣೆಬಾವಿ ತೋಡಿದ. ಆಮೇಲೆ ಪಕ್ಕದ ಪೆಟ್ರೋಲಿಯಾ ಮೆರೆಯಿತು. 1890ರ ದಶಕದ ಕೊನೆಗೆ ಇಂಪೀರಿಯಲ್ ಆಯಿಲ್ ಕಂಪನಿ ತನ್ನ ರಿಫೈನರಿಯನ್ನು ಸಾರ್ನಿಯಾಕ್ಕೆ ತಂದಿತು. ಪೆಟ್ರೋಲಿಯಾದ ವೈಭವ ಅಲ್ಲಿಗೆ ಇಳಿಯಿತು.

1942ರಲ್ಲಿ ಜಪಾನ್ ಮಲಯವನ್ನು ಹಿಡಿದುಕೊಂಡಿತು, ರಬ್ಬರ್ ಬರುವುದು ನಿಂತಿತು. ಟೈರಿಲ್ಲದೆ ಯುದ್ಧ ಹೇಗೆ? ಕೆನಡಾ ಸರಕಾರ ಪಾಲಿಮರ್ ಕಾರ್ಪೊರೇಷನ್ ಸ್ಥಾಪಿಸಿ ಸಾರ್ನಿಯಾದಲ್ಲೇ ಕಾರ್ಖಾನೆ ಕಟ್ಟಿತು. ಕಚ್ಚಾವಸ್ತುವಿಗೆ ಪಕ್ಕದಲ್ಲೇ ರಿಫೈನರಿ, ತಣಿಸಲು ಸೇಂಟ್ ಕ್ಲೇರ್ ಹೊಳೆಯ ನೀರು. 1943ರಲ್ಲಿ ಕೃತಕ ರಬ್ಬರ್ ಹೊರಬಂತು. ಕೆಲಸಗಾರರಿಗೆ ಬ್ಲೂವಾಟರ್ ಅನ್ನೋ ಪುಟ್ಟ ಬಡಾವಣೆಯೇ ಎದ್ದಿತು. ಕಾರ್ಖಾನೆಗಳಿಗೆ ತೀರಾ ಹತ್ತಿರ ಅಂತ 1960ರ ದಶಕದಲ್ಲಿ ಅದನ್ನೂ ಖಾಲಿ ಮಾಡಿಸಿದರು! 1971ರ ಸರಣಿಯ ನೋಟಿನ ಮೇಲೆ ಬಂದದ್ದು ಈ ಕಾರ್ಖಾನೆಯೇ.

ಆದರೆ ನೋಟಿನಲ್ಲಿ ಕಾಣದ್ದು ಕಾರ್ಖಾನೆಯನ್ನೇ ನಂಬಿಕೊಂಡ ಅಂಗಡಿಗಳು. ಕೆಲವು ವರ್ಷಕ್ಕೊಮ್ಮೆ ಘಟಕ ನಿಲ್ಲಿಸಿ ದೊಡ್ಡ ರಿಪೇರಿ ಮಾಡುತ್ತಾರೆ. ಆಗ ವೆಲ್ಡರ್‌ಗಳು, ಪೈಪ್ ಜೋಡಿಸುವವರು, ಅಟ್ಟಣಿಗೆ ಕಟ್ಟುವವರು ಊರೂರಿಂದ ಬರುತ್ತಾರೆ. ಮೋಟೆಲ್, ಲಾಂಡ್ರಿ, ಸೇತುವೆ ಕೆಳಗಿನ ಆಲೂ ಚಿಪ್ಸ್ ಗಾಡಿ, ಎಲ್ಲದಕ್ಕೂ ವ್ಯಾಪಾರ. ನಮ್ಮೂರ ಜಾತ್ರೆ ಇದ್ದ ಹಾಗೆ.

ಜಾತ್ರೆಗೆ ತೆತ್ತ ಬೆಲೆಯೂ ಇದೆ. ಕಲ್ನಾರಿನ ಧೂಳು ಕುಡಿದು ಸತ್ತ ಕಾರ್ಮಿಕರಿಗೆ ಹೊಳೆದಂಡೆಯ ಪಾರ್ಕಿನಲ್ಲಿ ಸ್ಮಾರಕವಿದೆ. ಕಾರ್ಖಾನೆಗಳ ಮಧ್ಯೆ ಸಿಕ್ಕಿಕೊಂಡ ಮೂಲನಿವಾಸಿಗಳ ಆಮ್‌ಜಿವನಾಂಗ್‌ನಲ್ಲಿ 2024ರಲ್ಲಿ ಬೆಂಜೀನ್ ಹೆಚ್ಚಾಗಿ ತುರ್ತುಪರಿಸ್ಥಿತಿ ಘೋಷಿಸಬೇಕಾಯಿತು. ಇತ್ತ, ಮುಚ್ಚಿದರೂ ಕಷ್ಟ. ಡೌ ಕಂಪನಿ 2009ರಲ್ಲಿ ಸಾರ್ನಿಯಾ ಬಿಟ್ಟಿತು. ನೋಟಿನ ಕಾರ್ಖಾನೆ 1988ರಲ್ಲಿ ನೋವಾ ಕೈಗೆ, 1990ರಲ್ಲಿ ಅದರ ರಬ್ಬರ್ ವಿಭಾಗ ಬಾಯರ್ ಕೈಗೆ ಹೋಯಿತು. ತಮಾಷೆ ನೋಡಿ, ಈಗಿನ ಕೆನಡಾದ ನೋಟುಗಳೆಲ್ಲ ಪಾಲಿಮರ್‌ನವು, ಆದರೆ ಆ ಕಾರ್ಖಾನೆಯ ಚಿತ್ರ ಇಲ್ಲ :)

ಹೊರಡುವ ಮುಂಚೆ ಕಟಿಂಗಿಗೆ ಹೋಗಿದ್ದೆ. ನಿನ್ನ ಕೆಲಸ ಏನು ಅಂತ ಅಜ್ಜ ಕೇಳಿದರು. ಕಂಟ್ರೋಲ್ ರೂಮಿನಲ್ಲಿ ನಾಲ್ವರು ಮಾಡೋದನ್ನು ಇಬ್ಬರೇ ಮಾಡುವಂಥ ಸಾಫ್ಟ್‌ವೇರ್ ಅಂತ ಹೆಮ್ಮೆಯಿಂದಲೇ ಹೇಳಿದೆ.

ಕತ್ತರಿ ಒಂದು ಕ್ಷಣ ನಿಂತಿತು. "ಅಲ್ಲಪ್ಪಾ, ನಿನ್ನ ಸಾಫ್ಟ್‌ವೇರು ಕಟಿಂಗಿಗೆ ಬರುತ್ತಾ?"

ನಕ್ಕುಬಿಟ್ಟೆ. ಉತ್ತರ ಮಾತ್ರ ಇನ್ನೂ ಹೊಳೆದಿಲ್ಲ. ನಿಮಗೇನಾದರೂ ಹೊಳೆದರೆ ಹೇಳಿ.