ರಸ್ತೆ ಕೆಳಗೆ ಏನಿದೆ?

ವೀಕ್ಷಕರೇ, ಬೆಂಗಳೂರಿನ ಬೀದಿಗಳ ಚರಿತ್ರೆಯನ್ನ ನಮ್ಮೂರಿನ ರೈಲು ಹಳಿಯಿಂದ ಶುರು ಮಾಡ್ತೀನಿ. ನಗಬೇಡಿ. ಯಲವಿಗಿ ಮೇಲೆ ಹಾದುಹೋಗುವ ಹುಬ್ಬಳ್ಳಿ–ಬೆಂಗಳೂರು ಮಾರ್ಗವಿದೆಯಲ್ಲ, 1898ರ ಆಗಸ್ಟ್‌ನಲ್ಲಿ ಪ್ಲೇಗು ಬೆಂಗಳೂರಿಗೆ ಹೋಗಿದ್ದು ಅದೇ ದಾರಿಯಲ್ಲಿ. ಹುಬ್ಬಳ್ಳಿ ಕಡೆಯಿಂದ ಬಂದಿದ್ದ ರೈಲ್ವೆ ಅಧಿಕಾರಿಯ ಬಟ್ಲರ್ ಒಬ್ಬರಿಗೆ ಮೊದಲು ಜ್ವರ ಕಾಣಿಸಿತು. ನೋಡ್ತಾ ನೋಡ್ತಾ ಪೇಟೆಯಲ್ಲಿ ಹೆಣ ಬೀಳತೊಡಗಿದವು.

ಚಿಕ್ಕಪೇಟೆ, ಇವತ್ತು ನಾವು ಅವೆನ್ಯೂ ರೋಡ್ ಅನ್ನುವ ದೊಡ್ಡಪೇಟೆ, ಇವೆಲ್ಲ ಗೋಡೆಗೆ ಗೋಡೆ ಅಂಟಿದ ಮನೆಗಳು. ಗಾಳಿ ಇಲ್ಲ, ಬೆಳಕಿಲ್ಲ, ಇಲಿಗಳಿಗೆ ಮಾತ್ರ ಸ್ವರ್ಗ. ಮೈಸೂರು ಸರ್ಕಾರ ಜನರನ್ನ ಊರಾಚೆ ಶಿಬಿರಗಳಿಗೆ ಕಳಿಸಿತು, ಮನೆಗಳನ್ನ ಕೆಡವಿತು. ಅದಕ್ಕೂ ಕೆಲ ವರ್ಷ ಮೊದಲೇ ಯೋಚನೆಯಲ್ಲಿದ್ದ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳಿಗೆ ಈಗ ವೇಗ ಬಂತು. ನೇರ ರಸ್ತೆ, ಅಳತೆ ಮಾಡಿದ ಸೈಟು, ಮನೆಯ ಹಿಂದೊಂದು ಸಣ್ಣ ಗಲ್ಲಿ. ಅದರ ಹೆಸರು ಕನ್ಸರ್ವೆನ್ಸಿ ಲೇನ್.

ಈ ಗಲ್ಲಿಗಳನ್ನ ಹಳೇ ಬೆಂಗಳೂರಿನವರು ತುಂಬ ಹೊಗಳ್ತಾರೆ. ಎಂಜಿನಿಯರಿಂಗ್ ಓದಿದವನಾಗಿ ನಾನೂ ಆ ಪ್ಲಾನು ನೋಡಿ ತಲೆದೂಗಿದ್ದೀನಿ. ಆದರೆ ಆ ಗಲ್ಲಿ ಯಾರು ಓಡಾಡೋಕೆ ಇತ್ತು? ಹಿಂಬಾಗಿಲಿನ ಪಾಯಖಾನೆಯಿಂದ ಮಲ ತುಂಬಿಕೊಂಡು ಹೋಗುವವರಿಗೆ. ಮುಂದಿನ ಬೀದಿ ಅಷ್ಟು ಚೆಂದ ಕಾಣ್ತಿತ್ತು ಅಂದ್ರೆ ಆ ಮನುಷ್ಯ ಹಿಂದಿನ ಗಲ್ಲಿಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ನಡೀತಿದ್ದ ಕಾರಣಕ್ಕೆ. ತಲೆ ಮೇಲೆ ಮಲ ಹೊರುವುದನ್ನ ನಿಲ್ಲಿಸೋಕೆ 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪನವರು ಬರಬೇಕಾಯಿತು.

ಒಳಚರಂಡಿ ಬಂದ ಮೇಲೆ ಕೊಳಕೆಲ್ಲ ರಸ್ತೆಯ ಅಡಿಗೆ ಹೋಯಿತು. ಅದರ ಜೊತೆ ನೀರಿನ ಪೈಪು, ಕರೆಂಟಿನ ಕೇಬಲ್ಲು, ಆಮೇಲೆ ಇಂಟರ್ನೆಟ್ಟು. ಯಾವುದು ಎಲ್ಲಿದೆ ಅನ್ನೋ ನಕ್ಷೆ ಸರಿಯಾಗಿಲ್ಲ. ಇವತ್ತು ಡಾಂಬರು, ನಾಳೆ ಅಗೆತ. ನಿಮಗೆ ಗೊತ್ತಿರೋ ಕಥೇನೇ ಬಿಡಿ.

2013ರ ಸುಮಾರಿಗೆ ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಅಂತ ಬಂತು. ಮೊದಲ ಹಂತಕ್ಕೆ ನಗರದ ನಡುವಿನ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ವಿಠಲ್ ಮಲ್ಯ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ ಮುಂತಾದ 7 ರಸ್ತೆ. ಇದರ ಲೆಕ್ಕಾಚಾರ ಸರಳ: ಮೊದಲು ನೆಲದಡಿ, ಆಮೇಲೆ ಡಾಂಬರು. ಫುಟ್‌ಪಾತ್ ಕೆಳಗೆ ಕೇಬಲ್‌ಗಳಿಗೆ ಪ್ರತ್ಯೇಕ ಕೊಳವೆ, ಅಲ್ಲಲ್ಲಿ ಚೇಂಬರು. ರಿಪೇರಿ ಬಂದರೆ ಮುಚ್ಚಳ ತೆಗೀಬೇಕು, ರಸ್ತೆ ಒಡೆಯೋ ಹಾಗಿಲ್ಲ. ವಾಹನ ಹೋಗುವ ಭಾಗ ಉದ್ದಕ್ಕೂ ಒಂದೇ ಅಗಲ. ಒಂದು ಕಡೆ ನಾಲ್ಕು ಸಾಲು, ಮುಂದೆ ಎರಡೇ ಸಾಲು ಅಂದ್ರೆ ಅಲ್ಲೇ ತಾನೇ ಜಾಮ್ ಆಗೋದು? ಉಳಿದ ಜಾಗ ನಡೆಯುವವರಿಗೆ. ಕಾರಿನವರು ‘ಇದ್ದ ರಸ್ತೆ ಸಣ್ಣದು ಮಾಡಿದರು’ ಅಂತ ಬೈದರು. ಬೈಯಲಿ. ಮಗು ಕೈ ಹಿಡಿದು ನಡೆಯುವ ತಾಯಿಗೆ ಆ ಊರಲ್ಲಿ ಮೊದಲ ಸಲ ಜಾಗ ಸಿಕ್ಕಿತ್ತು.

2018ರಲ್ಲಿ ಚರ್ಚ್ ಸ್ಟ್ರೀಟ್ ಕಲ್ಲುಹಾಸು ಹೊದ್ದು ತೆರೆಯಿತು, ಜನ ಸೆಲ್ಫಿಗೆ ಮುಗಿಬಿದ್ದರು. 2021ರಲ್ಲಿ ಕಮರ್ಷಿಯಲ್ ಸ್ಟ್ರೀಟ್ ಸರದಿ. ಅಲ್ಲಿ ಹಾಸಿದ ಕಲ್ಲು ಮಳೆಗೇ ಸಡಿಲಾಗಿ ಮತ್ತೆ ಕೆಲಸ ಹಿಡಿಯಬೇಕಾಯಿತು. ಮೇಲಿನ ಅಲಂಕಾರ ನೋಡಿ ರಸ್ತೆಗೆ ಮಾರ್ಕ್ಸ್ ಕೊಡೋಕಾಗಲ್ಲ ಅಂತ ನಾನು ವಾದಿಸೋದು ಇದಕ್ಕೇ.

ಇನ್ನೊಂದು ಮಾತು. 2013ರಲ್ಲೇ ಸಂಸತ್ತು ಮಲ ಹೊರುವ ಪದ್ಧತಿ ವಿರುದ್ಧ ಹೊಸ ಕಾಯ್ದೆ ಮಾಡಿತು. ಸುರಕ್ಷತೆ ಇಲ್ಲದೆ ಮನುಷ್ಯನನ್ನ ಚರಂಡಿಗೆ ಇಳಿಸೋದು ಅಪರಾಧ. ಆದರೂ ಮ್ಯಾನ್‌ಹೋಲ್ ಸಾವಿನ ಸುದ್ದಿಯನ್ನ ನಾನು ಇದೇ ಸ್ಟುಡಿಯೋದಲ್ಲಿ ಕೂತು ಓದಿದ್ದೀನಿ, ಒಂದು ಸಲ ಅಲ್ಲ.

ಹೊಸ ರಸ್ತೆ ಉದ್ಘಾಟನೆ ಅಂದ್ರೆ ನಮ್ಮ ಕ್ಯಾಮೆರಾ ಲೈಟಿನ ಕಂಬ, ಕಲ್ಲಿನ ಬೆಂಚು ತೋರಿಸಿ ವಾಪಸ್ ಬರುತ್ತೆ. ಈಗ ನಮ್ಮ ರಿಪೋರ್ಟರ್‌ಗೆ ಹೇಳಿದ್ದೀನಿ: ಸವಣೂರಾಗಲಿ, ಬೆಂಗಳೂರಾಗಲಿ, ಎಂಜಿನಿಯರ್ ಹತ್ತಿರ ರಸ್ತೆ ಅಡ್ಡ ಸೀಳಿದರೆ ಕೆಳಗೆ ಏನಿದೆ ಅನ್ನೋ ಡ್ರಾಯಿಂಗ್ ಕೇಳಪ್ಪ. ಚರಂಡಿ ಕಟ್ಟಿಕೊಂಡ ದಿನ ಮಷೀನು ಇಳಿಯುತ್ತಾ, ಮನುಷ್ಯ ಇಳಿಯಬೇಕಾ, ಅದನ್ನೂ ಕೇಳು.