ಸರ್ವಜ್ಞ

‘ಸರ್ವ’ ಎಂಬುದಕ್ಕೆ, ತಿಳಿಯೆಂಬರ್ಥದ ‘ಜ್ಞಾ’ ಧಾತುವಿನಿಂದಾದ ‘ಜ್ಞ’ ಸೇರಿ ಸಿದ್ಧಿಸಿದ ಈ ತತ್ಸಮವು ಅಮರಕೋಶದಲ್ಲಿ ಬುದ್ಧನ ನಾಮವಾಗಿಯೂ, ಜೈನರಲ್ಲಿ ಕೇವಲಜ್ಞಾನವನ್ನು ಪಡೆದ ಜಿನನ ವಿಶೇಷಣವಾಗಿಯೂ, ಕನ್ನಡಿಗರ ನಾಲಗೆಯಲ್ಲಿ ತ್ರಿಪದಿಯ ಕವಿಯ ಅಂಕಿತವಾಗಿಯೂ ನೆಲೆಗೊಂಡಿದೆ. ಕನ್ನಡ ಕ್ರೈಸ್ತರು ಇದನ್ನು ದೇವರ ಗುಣವಾಚಕವಾಗಿ ಸ್ವೀಕರಿಸಿದರು. ಮನುಷ್ಯನ ಅರಿವಾದರೋ ಅಂಶಮಾತ್ರವೆಂದು ಸಂತ ಪೌಲನು ಕೊರಿಂಥದ ಕ್ರೈಸ್ತರಿಗೆ ಬರೆದನು. ಅಂಶಮಾತ್ರದ ಅರಿವು ತಪ್ಪಬಹುದು; ಆದರೆ ನಿಜವೆಂದು ನಂಬಿ ಅನ್ಯಥಾ ನುಡಿದವನು ತಪ್ಪಿದವನೇ ಹೊರತು ಸುಳ್ಳುಗಾರನಲ್ಲ, ಮನದಲ್ಲೊಂದನ್ನಿರಿಸಿ ವಂಚನೆಗಾಗಿ ಬಾಯಲ್ಲಿ ಮತ್ತೊಂದನ್ನಾಡುವವನೇ ಸುಳ್ಳುಗಾರನೆಂದು ಸಂತ ಅಗಸ್ಟೀನನು ಕ್ರಿ.ಶ. 395ರ ಸುಮಾರಿನಲ್ಲಿ ವಿವೇಚಿಸಿದನು. ಸರ್ವಜ್ಞತ್ವವು ನಮಗೆ ದತ್ತವಲ್ಲ. ಅರಿತಷ್ಟನ್ನು ಅರಿತಂತೆಯೇ ನುಡಿವ ಸತ್ಯವಂತಿಕೆಯು ನಮಗೆ ಸಾಧ್ಯ, ಆದುದರಿಂದಲೇ ಅದು ನಮ್ಮ ಕರ್ತವ್ಯ.