ಹಿತ್ತಿಲ ಬಾಗಿಲಿನಿಂದ ಬಂದ ಈಜಿಪ್ಟ್

ಸಿಕಂದರಾಬಾದಿನಿಂದ ಹುಸೇನ್ ಸಾಗರದ ಕಟ್ಟೆಯನ್ನು ದಾಟಿ ಹೈದರಾಬಾದಿನ ಬಾಗ್-ಎ-ಆಮ್ ಉದ್ಯಾನವನ್ನು ಹೊಕ್ಕು, ಅಲ್ಲಿ 1930ರಲ್ಲಿ ಸ್ಥಾಪಿತವಾದ ವಸ್ತುಸಂಗ್ರಹಾಲಯದ ಶಿಲ್ಪಗಳನ್ನೂ ನಾಣ್ಯಗಳನ್ನೂ ನೋಡುತ್ತ ನಡೆವವನು, ನೈಲ್ ನದೀತೀರದ ತರುಣಿಯೊಬ್ಬಳ ರಕ್ಷಿತ ಶರೀರದೆದುರು ಅನಿರೀಕ್ಷಿತವಾಗಿ ನಿಲ್ಲಬೇಕಾಗುತ್ತದೆ. ಆರನೆಯ ನಿಜಾಮರ ಅಳಿಯಂದಿರಾದ ನಜೀರ್ ನವಾಜ್ ಜಂಗರು ಕೊಂಡು ತಂದು, ಏಳನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರಿಗೆ ಒಪ್ಪಿಸಿ, ಅವರಿಂದ ಸಂಗ್ರಹಾಲಯಕ್ಕೆ ಸಂದ ಈ ‘ಮಮ್ಮಿ’ಯು ನೈಶು ಎಂಬ ರಾಜಕುಮಾರಿಯದೆಂದು ಪ್ರಸಿದ್ಧಿ. ಅರಮನೆಗೆ ಕಾಣಿಕೆಯಾಗಿ ಬಂದ ವಸ್ತುವಿಗೆ ರಾಜವಂಶವೂ ಬೇಗನೆ ಅಂಟಿಕೊಳ್ಳುವುದರಿಂದ ಈ ಬಿರುದನ್ನು ತುಸು ಅನುಮಾನದಿಂದಲೇ ಕಾಣುವುದು ಲೇಸು. 2016ರಲ್ಲಿ ಸುತ್ತುಬಟ್ಟೆಯನ್ನು ಬಿಚ್ಚದೆಯೇ ಕ್ಷ-ಕಿರಣಗಳಿಂದ ಅಸ್ಥಿಗಳನ್ನು ಪರೀಕ್ಷಿಸಿದುದು, ಕುತೂಹಲದ ವಸ್ತುವನ್ನು ಶಾಸ್ತ್ರದ ವಿಷಯವನ್ನಾಗಿಸಿದ ಕ್ರಮವೆನ್ನಬೇಕು.

ಈಜಿಪ್ಟಿನ ಇತಿಹಾಸವು ನಮ್ಮವರಿಗೆ ಎಂದೂ ಇಂತಹ ಹಿತ್ತಿಲ ಬಾಗಿಲುಗಳಿಂದಲೇ ಬಂದಿದೆ. ಶ್ರೀರಂಗಪಟ್ಟಣವು ಬಿದ್ದ 1799ರಲ್ಲಿಯೇ ರೊಸೆಟ್ಟಾ ಶಿಲೆಯೂ ದೊರಕಿತು. ಆ ಕೋಟೆಯ ಮೇಲಿನ ಲಗ್ಗೆಗೆ ಮುಂದಾಳಾಗಿದ್ದ ಬೇರ್ಡ್ ಸೇನಾನಿಯೇ 1801ರಲ್ಲಿ ಭಾರತದ ಸಿಪಾಯಿಗಳನ್ನು ನೈಲ್ ತೀರಕ್ಕೆ ಕರೆದೊಯ್ದನು. ಅವರು ದೆಂದೆರಾ ದೇಗುಲದಲ್ಲಿ ತಮ್ಮ ದೇವತೆಗಳನ್ನೇ ಕಂಡೆವೆಂದು ಕೈಮುಗಿದರೆಂಬ ಪ್ರತೀತಿಯುಂಟು. ಶಾಂಪೋಲ್ಯೋನನು ರೊಸೆಟ್ಟಾ ಶಿಲೆಯ ಚಿತ್ರಲಿಪಿಯ ಗುಟ್ಟನ್ನು ಪ್ರಕಟಿಸಿದ್ದು 1822ರಲ್ಲಿ. ಎಂದಮೇಲೆ ಸಿಪಾಯಿಗಳ ಓದನ್ನು ಹಳಿಯುವ ಅರ್ಹತೆ ಅಂದಿನ ಪಂಡಿತರಿಗೂ ಇರಲಿಲ್ಲ.

ಕನ್ನಡಿಗರ ಆಸಕ್ತಿಯು ನಿಜವಾಗಿ ಕೆರಳಿದುದು ಒಂದು ಹರಕು ಹಾಳೆಯಿಂದ. ಗ್ರೆನ್‌ಫೆಲ್ ಮತ್ತು ಹಂಟರು ಈಜಿಪ್ಟಿನ ಆಕ್ಸಿರಿಂಕಸ್ ಪಟ್ಟಣದ ಕಸದ ದಿಬ್ಬಗಳನ್ನು ಅಗೆದು ತೆಗೆದು, 1903ರಲ್ಲಿ ಪ್ರಕಟಿಸಿದ 413ನೆಯ ಪಪೈರಸ್ಸಿನಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಹಿಂದೂಸಾಗರದ ತೀರದಲ್ಲಿ ಸೆರೆಯಾದ ಖಾರಿತಿಯಾನ್ ಎಂಬ ಗ್ರೀಕ್ ಕನ್ಯೆಯ ಬಂಧುಗಳು, ಅಲ್ಲಿಯ ದೊರೆಗೂ ಪರಿವಾರಕ್ಕೂ ಮದ್ಯವನ್ನು ಕುಡಿಸಿ ಮತ್ತೇರಿಸಿ, ಅವಳನ್ನು ಬಿಡಿಸಿಕೊಂಡು ಹೋಗುವುದು ಅದರ ಕಥೆ. ಆ ದೊರೆಯ ಕಡೆಯವರು ಗ್ರೀಕಲ್ಲದ ನುಡಿಯೊಂದನ್ನಾಡುತ್ತಾರೆ. ಅದು ಕನ್ನಡವೆಂದು ವಿದ್ವಾಂಸ ಹುಲ್ಟ್ಜ್‌ರು 1904ರಲ್ಲಿ ಸೂಚಿಸಿದರು. ಮೈಸೂರಿನ ಶಾಮಶಾಸ್ತ್ರಿಗಳು ಅದನ್ನು ಸಮರ್ಥಿಸಿದರು. ಲಂಡನ್ನಿನ ಬಾರ್ನೆಟ್ಟರು 1926ರಲ್ಲಿ ಖಂಡಿಸಿದರು. ಇತ್ತ ಯಾವ ವಿಶ್ವವಿದ್ಯಾಲಯದ ಪೀಠವನ್ನೂ ಏರದೆ, ಮಂಜೇಶ್ವರದ ತಮ್ಮ ಮನೆಯ ಗ್ರಂಥರಾಶಿಯ ನಡುವೆ ಕುಳಿತು, ಹಲವು ಭಾಷೆಗಳನ್ನು ಬಲ್ಲ ಗೋವಿಂದ ಪೈಗಳೂ, ತುಳುವದ ಇತಿಹಾಸವನ್ನು ಬರೆದ ಸಾಲೆತೊರೆಯವರೂ ಈ ಪ್ರಶ್ನೆಯನ್ನೆತ್ತಿಕೊಂಡರು.

ವಿದ್ವತ್ತಿನ ಕೊರತೆಯಂತೂ ಅವರಲ್ಲಿರಲಿಲ್ಲ. ಆದರೂ ನಮ್ಮಲ್ಲಿ ಹೆಚ್ಚಾಗಿ ಬೆಳೆದುದು ಈಜಿಪ್ಟಿನ ಅಧ್ಯಯನವಲ್ಲ, ಈಜಿಪ್ಟಿನೊಳಗೆ ಕನ್ನಡದ ಪ್ರಾಚೀನತೆಯ ಅನ್ವೇಷಣೆ. ಪ್ರಹಸನವನ್ನು ನಕಲು ಮಾಡಿದವನಾರು, ಅದನ್ನು ಆಡಿಸಿದ ರಂಗವೆಂತಹುದು, ಆ ಪಟ್ಟಣದ ಪ್ರೇಕ್ಷಕನು ಯಾವುದಕ್ಕೆ ನಕ್ಕನು ಎಂಬ ಪ್ರಶ್ನೆಗಳು ಬಹುಮಟ್ಟಿಗೆ ಬದಿಗೆ ಸರಿದು, ವಾದವೆಲ್ಲವೂ ಕೆಲವೇ ಅಕ್ಷರಗಳ ಮೇಲೆ ನಿಂತಿತು.

ಅಕ್ಷರಗಳಿಗಿಂತ ಗಟ್ಟಿಯಾದ ಸಾಕ್ಷ್ಯವು ಬಳಿಕ ಬಂದಿದೆ. ಕೆಂಪು ಸಮುದ್ರದ ಬೆರೆನಿಕೆ ರೇವಿನಲ್ಲಿ 1994ರಿಂದ ಸೈಡ್‌ಬಾಥಮ್ ಮತ್ತು ವೆಂಡ್ರಿಖ್ ನಡೆಸಿದ ಉತ್ಖನನದಲ್ಲಿ ಸೆರಾಪಿಸ್ ದೇವಾಲಯದ ಬಳಿ ದೊರೆತ ಭಾರತದ ಗಡಿಗೆಯೊಂದರಲ್ಲಿ ಸುಮಾರು 7.5 ಕಿಲೋಗ್ರಾಂ ಕರಿಮೆಣಸಿತ್ತು. ಪಶ್ಚಿಮ ಕರಾವಳಿಗೂ ನೈಲ್ ತೀರಕ್ಕೂ ಇದ್ದ ಸಂಬಂಧಕ್ಕೆ ಇನ್ನು ಪ್ರಹಸನದ ಕುಡುಕರ ಮಾತೊಂದೇ ಆಧಾರವಾಗಬೇಕಾಗಿಲ್ಲ. ಆ ಮಾತು ಕನ್ನಡವೋ ಅಲ್ಲವೋ ಎಂಬುದನ್ನು ಭಾಷಾಶಾಸ್ತ್ರಜ್ಞರು ನಿರಾತಂಕವಾಗಿ ಚರ್ಚಿಸುತ್ತಿರಬಹುದು.